ಕೋಳಿಗೂಡಿನ ಬಳಿ ಚುಕ್ಕೆಗಳ ಬೆಕ್ಕು: ವಿಷ ಇಡುವ ಮುನ್ನ

ಪ್ರಶ್ನೆ: ನಮ್ಮದು ಕೊಡಗಿನ ಶ್ರೀಮಂಗಲದ ಹತ್ತಿರ 6 ಎಕರೆ ರೋಬಸ್ಟಾ ತೋಟ, ಕೆಳಗಿನ ತಗ್ಗಿನಲ್ಲಿ ಒಂದಿಷ್ಟು ಗದ್ದೆ. ಮನೆಬಳಕೆಗೆಂದು ಸುಮಾರು 30 ನಾಟಿ ಕೋಳಿ ಸಾಕಿದ್ದೇನೆ. ಹುತ್ತರಿ (ಭತ್ತದ ಸುಗ್ಗಿ ಹಬ್ಬ) ಕಳೆದ ಮೇಲೆ ಒಂದೊಂದಾಗಿ ಕಾಣೆಯಾಗುತ್ತಿವೆ. ಒಂದು ರಾತ್ರಿ ಎರಡು ಕೋಳಿಗಳು ಗೂಡಿನೊಳಗೇ ಸತ್ತುಬಿದ್ದಿದ್ದವು, ತಲೆ ಇರಲಿಲ್ಲ. ಕಾವಿಗೆ ಕೂತಿದ್ದ ಹೇಂಟೆಯೊಂದು ಕಾಫಿ ಗಿಡದ ಬುಡದಿಂದಲೇ ಮಾಯವಾಯಿತು. ಮರಿಗಳಂತೂ ಹಗಲಿನಲ್ಲಿಯೇ ಕಡಿಮೆಯಾಗುತ್ತಿವೆ. ಮೊನ್ನೆ ರಾತ್ರಿ ಟಾರ್ಚ್ ಬಿಟ್ಟಾಗ ಬೆಕ್ಕಿನ ಗಾತ್ರದ, ಮೈಯೆಲ್ಲ ಚುಕ್ಕೆಗಳಿರುವ ಪ್ರಾಣಿ ಪಂಪ್‌ಮನೆಯ ಕಡೆಗೆ ಓಡಿತು. ಬೆಳಿಗ್ಗೆ ಅಲ್ಲಿನ ಸೌದೆ ರಾಶಿಯ ಅಡಿಯಲ್ಲಿ ಎರಡು ಮರಿ ಕಂಡವು. ಮೈದುನ ಅದು ಚಿರತೆಯ ಮರಿ, ತಾಯಿ ಬಂದರೆ ಅಪಾಯ, ಬೋನು ಇಡಿಸೋಣ ಎನ್ನುತ್ತಾನೆ. ತೋಟದ ಕೆಲಸದವರು ಸತ್ತ ಕೋಳಿಗೆ ವಿಷ ಸವರಿ ಇಟ್ಟರೆ ಎರಡು ದಿನದಲ್ಲಿ ಕಾಟ ಮುಗಿಯುತ್ತದೆ ಎನ್ನುತ್ತಾರೆ. ಮನೆಯಲ್ಲಿ 3 ವರ್ಷದ ಮಗು ಇದೆ. ಅದು ಮಗುವಿಗೆ ಏನಾದರೂ ಮಾಡುತ್ತದೆಯೇ? ನಮ್ಮ ಸಾಕು ಬೆಕ್ಕಿಗೆ ಅದರಿಂದ ರೋಗ ಬರುತ್ತದೆಯೇ? ನಾನು ಏನು ಮಾಡಬೇಕು?

ಉತ್ತರ: ಮೊದಲು ಮಗುವಿನ ವಿಷಯ ಮುಗಿಸಿಬಿಡೋಣ, ಉಳಿದದ್ದನ್ನು ಆಮೇಲೆ ನಿಧಾನವಾಗಿ ನೋಡಬಹುದು. ನೀವು ನೋಡಿದ್ದು ಚಿರತೆ ಬೆಕ್ಕು. ಬೆಳೆದ ಚಿರತೆ ಬೆಕ್ಕಿನ ತೂಕ ನಿಮ್ಮ ಮನೆಬೆಕ್ಕಿನಷ್ಟೇ, ಹೆಚ್ಚೆಂದರೆ ಅದಕ್ಕಿಂತ ಚೂರು ಹೆಚ್ಚು. ಇಲಿ, ಹಕ್ಕಿ, ಓತಿಕ್ಯಾತ, ಕಪ್ಪೆ, ಕೆಲವೊಮ್ಮೆ ಕೋಳಿ, ಇಷ್ಟೇ ಅದರ ಊಟ. ಮಗುವನ್ನು ಅದು ಬೇಟೆಯಾಗಿ ನೋಡುವುದಿಲ್ಲ. ಆದರೆ ಮಗು ಸೌದೆ ರಾಶಿಗೆ ಕೈ ಹಾಕಿ ಮರಿಯನ್ನು ಹಿಡಿದರೆ ತಾಯಿ ಪರಚುತ್ತದೆ, ಕಚ್ಚುತ್ತದೆ. ಆದ್ದರಿಂದ ಸದ್ಯಕ್ಕೆ ಮಗುವನ್ನು ಪಂಪ್‌ಮನೆಯ ಕಡೆಗೆ ಬಿಡಬೇಡಿ. ಯಾವುದೇ ಕಾಡುಪ್ರಾಣಿ ಪರಚಿದರೂ ಕಚ್ಚಿದರೂ ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಬೇಕು. ಇದರಲ್ಲಿ ಸಂಕೋಚ ಬೇಡ.

ಮೈದುನನ ಅನುಮಾನ ಹೊಸದೇನಲ್ಲ. ಕಾಫಿ ಕೊಯ್ಲಿನ ಕಾಲದಲ್ಲಿ, ಮರಗಸಿಯ (ನೆರಳು ಮರಗಳ ಕೊಂಬೆ ಕಡಿಯುವ) ಹೊತ್ತಿನಲ್ಲಿ ಚಿರತೆ ಮರಿ ಸಿಕ್ಕಿದೆ ಎಂದು ನನಗೆ ಬರುವ ಫೋಟೊಗಳಲ್ಲಿ ಬಹುಪಾಲು ಈ ಬೆಕ್ಕಿನ ಮರಿಗಳದ್ದೇ. ಗುರುತಿಸುವುದು ಹೇಗೆಂದು ಹೇಳುತ್ತೇನೆ. ಚಿರತೆಯ ಮರಿ ಹುಟ್ಟುವಾಗಲೇ ಸುಮಾರು ಅರ್ಧ ಕಿಲೋ ಇರುತ್ತದೆ. ಪಾದಗಳು ಮೈಗೆ ಹೊಂದದಷ್ಟು ದಪ್ಪ, ಮುಖ ಅಗಲ. ಚಿರತೆ ಬೆಕ್ಕಿನ ಹಸುಗೂಸು 100 ಗ್ರಾಮಿನ ಆಸುಪಾಸು, ಅಂಗೈಯಲ್ಲಿ ಹಿಡಿಯುವಷ್ಟು. ಕಣ್ಣಿನ ಒಳಮೂಲೆಯಿಂದ ಹಣೆಯತ್ತ ಎರಡು ಬಿಳಿ ಗೆರೆಗಳು ಎದ್ದು ಕಾಣುತ್ತವೆ, ಹಣೆಯಿಂದ ಕುತ್ತಿಗೆಗೆ ಕಪ್ಪು ಪಟ್ಟೆಗಳು ಇಳಿದಿರುತ್ತವೆ. ಮೈಮೇಲಿನ ಚುಕ್ಕೆಗಳು ತುಂಬಿದ ಚುಕ್ಕೆಗಳು. ದೊಡ್ಡ ಚಿರತೆಯ ಮೈಮೇಲಿರುವಂತೆ ನಡುವೆ ಬಣ್ಣ ಬಿಟ್ಟ ಉಂಗುರಗಳಲ್ಲ. ಕಾಡಿನಲ್ಲಿ ಕ್ಯಾಮೆರಾ ಕಟ್ಟಿ ಅಧ್ಯಯನ ಮಾಡುವವರು ಒಂದು ಬೆಕ್ಕನ್ನು ಇನ್ನೊಂದರಿಂದ ಬೇರ್ಪಡಿಸುವುದೂ ಈ ಚುಕ್ಕೆಗಳಿಂದಲೇ. ಎರಡು ಬೆಕ್ಕುಗಳ ಚುಕ್ಕೆ ವಿನ್ಯಾಸ ಒಂದೇ ಆಗಿರುವುದಿಲ್ಲ.

ನಮ್ಮ ಕಡೆ ಇನ್ನೆರಡು ಸಣ್ಣ ಬೆಕ್ಕುಗಳ ಹೆಸರನ್ನೂ ಕೇಳುತ್ತೀರಿ. ಕಾಡುಬೆಕ್ಕು ಮಣ್ಣಿನ ಬಣ್ಣದ್ದು, ಕಾಲು ಉದ್ದ, ಬಾಲ ಮೋಟು, ಬಾಲದ ತುದಿಯಲ್ಲಿ ಕಪ್ಪು ಬಳೆಗಳು. ಅದಕ್ಕೆ ದಟ್ಟ ತೋಟಕ್ಕಿಂತ ಹುಲ್ಲು, ಕುರುಚಲು, ಗದ್ದೆಯಂಚು ಇಷ್ಟ, ಹಗಲಿನಲ್ಲಿಯೂ ಓಡಾಡುತ್ತದೆ. ತುಕ್ಕುಬಣ್ಣದ ಚುಕ್ಕೆ ಬೆಕ್ಕು ಹೆಚ್ಚೆಂದರೆ ಸುಮಾರು ಒಂದೂವರೆ ಕಿಲೋ ತೂಗುವ ಪುಟ್ಟ ಜೀವ. ಏಷ್ಯಾದ ಕಾಡಿನ ಬೆಕ್ಕುಗಳಲ್ಲೇ ಅತಿ ಚಿಕ್ಕದು. ಭಾರತ, ಶ್ರೀಲಂಕಾ, ನೇಪಾಳ ಬಿಟ್ಟರೆ ಬೇರೆಲ್ಲೂ ಇಲ್ಲ. ಹಳೆಯ ಮನೆಯ ಅಟ್ಟದಲ್ಲಿ ಮರಿ ಹಾಕುವುದೂ ಉಂಟು. ನಿಮ್ಮ ವಿವರಣೆಗೆ ಇವೆರಡೂ ಹೊಂದುವುದಿಲ್ಲ.

ಈಗ ನಿಮ್ಮ ಪತ್ರದಲ್ಲಿ ನನಗೆ ಎದ್ದು ಕಂಡ ವಿಷಯಕ್ಕೆ ಬರುತ್ತೇನೆ. ನೀವು ಮೂರು ಬಗೆಯ ನಷ್ಟ ಬರೆದಿದ್ದೀರಿ, ಮೂರನ್ನೂ ಒಂದೇ ಪ್ರಾಣಿಯ ತಲೆಗೆ ಕಟ್ಟುತ್ತಿದ್ದೀರಿ. ಟಾರ್ಚ್ ಬೆಳಕಿಗೆ ಸಿಕ್ಕಿದ್ದು ಅದೊಂದೇ ಆದ್ದರಿಂದ ಹೀಗಾಗುವುದು ಸಹಜ. ಆದರೆ ಅಪರಾಧಿ ಒಬ್ಬನೇ ಇದ್ದಂತೆ ನನಗೆ ಕಾಣುತ್ತಿಲ್ಲ.

ಗೂಡಿನೊಳಗೆ ತಲೆಯಿಲ್ಲದೆ ಬಿದ್ದಿದ್ದ ಎರಡು ಕೋಳಿಗಳನ್ನು ತೆಗೆದುಕೊಳ್ಳಿ. ಚಿರತೆ ಬೆಕ್ಕು ಒಳಗೆ ಹೊಕ್ಕಿದ್ದರೆ ಕುತ್ತಿಗೆಗೆ ಕಚ್ಚಿ ಒಂದು ಕೋಳಿಯನ್ನು ಎತ್ತಿಕೊಂಡು ಹೋಗುತ್ತಿತ್ತು. ದೇಹ ಅಲ್ಲೇ ಬಿದ್ದು ತಲೆ ಮಾತ್ರ ಇಲ್ಲವೆಂದರೆ ಒಳಗೆ ಬರಲಾಗದ ಯಾವುದೋ ಪ್ರಾಣಿ ಜಾಲರಿಯ ಕಣ್ಣಿನಿಂದ ತಲೆಯನ್ನು ಹಿಡಿದು ಎಳೆದಿರಬಹುದು. ಕೋಳಿಗಳು ರಾತ್ರಿ ಜಾಲರಿಗೆ ಒತ್ತಿಕೊಂಡು ಕೂರುತ್ತವೆ. ನಿಮ್ಮ ಗೂಡಿಗೆ ಆರು ಮೂಲೆ ಕಣ್ಣಿನ ತೆಳು ಕೋಳಿ ಜಾಲರಿ ಹೊಡೆದಿರಬಹುದು ಎಂದು ಊಹಿಸುತ್ತೇನೆ. ಈ ಕೆಲಸದಲ್ಲಿ ನನ್ನ ಮೊದಲ ಅನುಮಾನ ಪುನುಗು ಬೆಕ್ಕಿನ ಜಾತಿಯ ಮೇಲೆ. ಹೆಸರಿನಲ್ಲಿ ಬೆಕ್ಕು ಇದ್ದರೂ ಅವು ಬೆಕ್ಕಿನ ಕುಟುಂಬದವಲ್ಲ. ನಿಮ್ಮ ತೋಟದಲ್ಲಿ ಅವು ಇವೆಯೇ ಎಂದು ತಿಳಿಯುವುದು ಸುಲಭ. ಮರದ ದಿಮ್ಮಿಯ ಮೇಲೋ ಕಲ್ಲಿನ ಮೇಲೋ ಕಾಫಿ ಬೀಜಗಳೇ ತುಂಬಿದ ಹಿಕ್ಕೆ ಕಂಡರೆ ಅದು ಇದೇ ಪುನುಗಿನ ಜಾತಿಗೆ ಸೇರಿದ, ಹಣ್ಣು ತಿನ್ನುವ ಮರಬೆಕ್ಕಿನದು. ಅದನ್ನು ಆರಿಸಿ ತೊಳೆದು ದುಬಾರಿ ಕಾಫಿಯೆಂದು ಮಾರುವವರೂ ನಮ್ಮ ಜಿಲ್ಲೆಯಲ್ಲಿದ್ದಾರೆ. ಅದೇ ಪ್ರಾಣಿ ಕಾಫಿ ಹಣ್ಣು ಮುಗಿದ ಮೇಲೆ ಕೋಳಿಗೂಡಿನ ಸುತ್ತ ಸುಳಿದಾಡಿದರೆ ಆಶ್ಚರ್ಯವೇನೂ ಇಲ್ಲ. ಚಿರತೆ ಬೆಕ್ಕಿನ ಹಿಕ್ಕೆ ಬೇರೆ. ಕೂದಲು, ಸಣ್ಣ ಮೂಳೆ ಸೇರಿ ಹುರಿ ಹೊಸೆದಂತೆ ಇರುತ್ತದೆ, ಕಾಲುದಾರಿಯ ನಡುವೆಯೇ ಬಿದ್ದಿರುತ್ತದೆ. ಕೋಲಿನಿಂದ ಬಿಡಿಸಿ ನೋಡಿ, ಇಲಿಯ ಹಲ್ಲು ಸಿಗುವ ಸಾಧ್ಯತೆ ಹೆಚ್ಚು. ಬರಿಗೈಯಲ್ಲಿ ಮುಟ್ಟಬೇಡಿ.

ಹಗಲಿನಲ್ಲಿ ಮರಿಗಳು ಹೋಗುತ್ತಿರುವುದಕ್ಕೂ ಈ ಬೆಕ್ಕಿಗೂ ಸಂಬಂಧ ಕಡಿಮೆ. ಹಗಲಿನ ಕಳ್ಳರು ಬೇರೆ: ಮುಂಗುಸಿ, ಗಿಡುಗ, ಕಾಗೆ, ಕೆಂಬೂತ. ಕೆಂಬೂತವನ್ನು ಯಾರೂ ಅನುಮಾನಿಸುವುದಿಲ್ಲ, ಬೇಲಿಯ ಮೇಲೆ ಗಂಭೀರವಾಗಿ ಕೂತಿರುತ್ತದೆ. ಆದರೆ ಒಂದು ವಾರದ ಮರಿಯನ್ನು ಎತ್ತುವುದು ಅದಕ್ಕೆ ಕಷ್ಟವಲ್ಲ.

ಇನ್ನು ಕಾವಿಗೆ ಕೂತ ಹೇಂಟೆ. ಇದನ್ನು ಚಿರತೆ ಬೆಕ್ಕೇ ಒಯ್ದಿರಬಹುದು, ಅದರ ಪರವಾಗಿ ಸುಳ್ಳು ಹೇಳುವುದಿಲ್ಲ. ರಾತ್ರಿ ನೆಲದ ಮೇಲೆ, ಗೂಡಿನ ಹೊರಗೆ, 21 ದಿನ ಒಂದೇ ಜಾಗದಲ್ಲಿ ಅಲುಗಾಡದೆ ಕೂರುವ ಹಕ್ಕಿ ಯಾವ ಬೇಟೆಗಾರನಿಗಾದರೂ ಸುಲಭದ ತುತ್ತು. ನಾನು ನೋಡಿರುವ ನಾಟಿ ಕೋಳಿಯ ನಷ್ಟದಲ್ಲಿ ದೊಡ್ಡ ಪಾಲು ಗೂಡಿನೊಳಗೆ ಆಗುವುದಿಲ್ಲ. ಹಲಸಿನ ಕೊಂಬೆಯ ಮೇಲೆ ಮಲಗುವ ಹುಂಜ, ಕಾಫಿ ಬುಡದಲ್ಲಿ ಕದ್ದು ಮೊಟ್ಟೆ ಇಟ್ಟ ಹೇಂಟೆ, ಕತ್ತಲಾದ ಮೇಲೂ ಹೊರಗುಳಿದ ಪಿಳ್ಳೆ, ಇವೇ ಹೋಗುವುದು. ಚಿರತೆ ಬೆಕ್ಕು ಮರ ಹತ್ತುವುದರಲ್ಲಿ ನಿಪುಣ, ಈಜುವುದೂ ಗೊತ್ತು. ಆದ್ದರಿಂದ ಕೊಂಬೆ ಎತ್ತರದಲ್ಲಿದೆ, ತೋಡು ಅಡ್ಡ ಇದೆ ಎಂಬ ಧೈರ್ಯ ಸಾಲದು.

ಹುತ್ತರಿ ಆದಮೇಲೆಯೇ ಯಾಕೆ ಎಂದು ನೀವು ಕೇಳಿಲ್ಲ, ಆದರೆ ಉತ್ತರ ಅಲ್ಲೇ ಇದೆ. ಕೊಯ್ಲಿನವರೆಗೆ ಇಲಿಗಳಿಗೆ ಗದ್ದೆಯಲ್ಲೇ ಊಟ, ಗದ್ದೆಯಲ್ಲೇ ಮರೆ. ಪೈರು ಕೊಯ್ದ ಮೇಲೆ ಅವು ಬದುವಿಗೆ, ಹುಲ್ಲಿನ ಬಣವೆಗೆ, ಭತ್ತ ತುಂಬಿಟ್ಟ ಕೋಣೆಗೆ ಬರುತ್ತವೆ. ಕೋಳಿಗೆ ಎರಚಿದ ಕಾಳು ರಾತ್ರಿಯೂ ಅಂಗಳದಲ್ಲಿ ಉಳಿದರೆ ಕೋಳಿಗೂಡಿನ ಅಡಿಗೇ ಬಿಲ ತೋಡುತ್ತವೆ. ಇಲಿಯ ಹಿಂದೆ ಬೆಕ್ಕು ಬರುತ್ತದೆ. ಅಲ್ಲಿಯೇ ಕೋಳಿಯೂ ಕಂಡರೆ ಬಿಡುವುದಿಲ್ಲ. ಹೆಣ್ಣು ಇಲಿ ಗರ್ಭ ಧರಿಸಿದ ಮೂರೇ ವಾರಕ್ಕೆ ಮರಿ ಹಾಕುತ್ತದೆ. ಮರಿಗಳನ್ನು ಸಾಕುತ್ತಿರುವ ತಾಯಿ ಬೆಕ್ಕು ಒಂದು ತೋಟದಲ್ಲಿದ್ದರೆ ಆ ಲೆಕ್ಕ ತುಸು ನಿಮ್ಮ ಕಡೆಗೆ ವಾಲುತ್ತದೆ. ಬೋರ್ನಿಯೊದ ಸಬಾದಲ್ಲಿ ಎಣ್ಣೆತಾಳೆ ತೋಟಗಳ ಚಿರತೆ ಬೆಕ್ಕುಗಳ ಆಹಾರ ಪರೀಕ್ಷಿಸಿದಾಗಲೂ ಸಿಕ್ಕಿದ್ದು ಮುಖ್ಯವಾಗಿ ಇಲಿಯೇ. ಇದು ಇಂದು ನಿನ್ನೆಯ ಅಭ್ಯಾಸವೂ ಅಲ್ಲ. ಚೀನಾದಲ್ಲಿ 5,000 ವರ್ಷಕ್ಕೂ ಹಿಂದಿನ ರೈತರ ಊರುಗಳನ್ನು ಅಗೆದಾಗ ಸಿಕ್ಕ ಬೆಕ್ಕಿನ ಮೂಳೆಗಳು ಚಿರತೆ ಬೆಕ್ಕಿನವೆಂದು ತಿಳಿದುಬಂದಿದೆ. ಧಾನ್ಯದ ಇಲಿಗಾಗಿ ಊರಂಚಿಗೆ ಬಂದು ಇದ್ದವು, ಆದರೂ ಮನೆಬೆಕ್ಕಾಗಲಿಲ್ಲ. ಇಂದು ಎಲ್ಲರ ಮನೆಯಲ್ಲಿರುವುದು ಪಶ್ಚಿಮ ಏಷ್ಯಾ, ಆಫ್ರಿಕಾ ಕಡೆಯ ಬೇರೊಂದು ಕಾಡುಬೆಕ್ಕಿನ ಸಂತತಿ.

ಈಗ ನಿಮ್ಮ ಮುಂದಿರುವ ದಾರಿಗಳು.

ವಿಷದ ಮಾತನ್ನು ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಅದಕ್ಕೆ ಖರ್ಚಿಲ್ಲ, ಮನಸ್ಸು ಬೇಗ ವಾಲುತ್ತದೆ. ವಿಷ ಸವರಿದ ಕೋಳಿಯನ್ನು ಮೊದಲು ಮೂಸುವುದು ನಿಮ್ಮ ನಾಯಿ, ಪಕ್ಕದ ಲೈನ್ ಮನೆಗಳ ಕೆಲಸದವರ ನಾಯಿ. ಆಮೇಲೆ ಕಾಗೆ, ಅದು ತುಂಡನ್ನು ಕಚ್ಚಿಕೊಂಡು ಹೋಗಿ ಬಾವಿಯ ಬಳಿಯೋ ಅಂಗಳದಲ್ಲೋ ಬೀಳಿಸುತ್ತದೆ. 3 ವರ್ಷದ ಮಗು ಓಡಾಡುವ ಮನೆಯಲ್ಲಿ ಇದನ್ನು ಯೋಚಿಸಲೂ ಬಾರದು. ಕಾನೂನಿನ ಮಾತೂ ಇದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಒಂದನೇ ಅನುಸೂಚಿಯಲ್ಲಿ ಚಿರತೆ ಬೆಕ್ಕು ಇದೆ, ಅಂದರೆ ಹುಲಿಗೆ ಇರುವಷ್ಟೇ ರಕ್ಷಣೆ. ವಿಷವಿಡುವುದು, ಉರುಳು ಹಾಕುವುದು, ಬೋನಿನಲ್ಲಿ ಹಿಡಿಯುವುದು ಎಲ್ಲವೂ ಕಾಯ್ದೆಯ ಪ್ರಕಾರ ಬೇಟೆಯೇ. ಶಿಕ್ಷೆ 3ರಿಂದ 7 ವರ್ಷ ಜೈಲು, ಜೊತೆಗೆ ದಂಡ. ನಮ್ಮ ಜಿಲ್ಲೆಯಲ್ಲಿ ಒಂದು ಮಾತು ಸೇರಿಸಲೇಬೇಕು: ಕೋವಿಗೆ ಪರವಾನಗಿಯ ವಿನಾಯಿತಿ ಇರುವುದು ಕೋವಿ ಇಟ್ಟುಕೊಳ್ಳಲು ಮಾತ್ರ, ಪ್ರಾಣಿ ಹೊಡೆಯಲು ಅಲ್ಲ. ಹಂದಿಗೆಂದು ಹಾಕಿದ ಉರುಳಿನಲ್ಲಿ ಬೇರೆ ಪ್ರಾಣಿ ಸಿಕ್ಕಿಬಿದ್ದು ಮಾಲೀಕರು ಕೋರ್ಟಿಗೆ ಅಲೆಯುವುದನ್ನು ನೀವೂ ಕೇಳಿರುತ್ತೀರಿ.

ಯಾರೂ ಬೆಕ್ಕಿಗೆಂದು ಇಡದ ವಿಷವೂ ಬೆಕ್ಕುಗಳನ್ನು ಕೊಲ್ಲುತ್ತದೆ. ಅಂಗಡಿಯಲ್ಲಿ ಸಿಗುವ ಬ್ರೋಮಡಯೋಲೋನ್ ಎಂಬ ಇಲಿಪಾಷಾಣದ ಬಿಲ್ಲೆ ತಿಂದ ಇಲಿ ತಕ್ಷಣ ಸಾಯುವುದಿಲ್ಲ. ಕೆಲವು ದಿನ ಮಂಕಾಗಿ ತೂರಾಡುತ್ತದೆ, ಬೆಕ್ಕಿಗೂ ಗೂಬೆಗೂ ಅಂಥದ್ದೇ ಮೊದಲು ಸಿಗುವುದು. ಆ ವಿಷ ತಿಂದವರ ಯಕೃತ್ತಿನಲ್ಲಿ ಉಳಿದು ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ. ಇಂತಹ ಇಲಿ ತಿಂದ ಮನೆಬೆಕ್ಕುಗಳನ್ನು ನನ್ನ ಬಳಿ ತರುತ್ತಾರೆ: ವಸಡು ಕಾಗದದಂತೆ ಬಿಳಿಚಿಕೊಂಡಿರುತ್ತದೆ, ಹಲ್ಲಿನ ಸಂದಿಯಿಂದ ರಕ್ತ ಒಸರುತ್ತಿರುತ್ತದೆ, ಸೂಜಿ ಚುಚ್ಚಿದ ಜಾಗ ಗಂಟೆಯಾದರೂ ಆರುವುದಿಲ್ಲ. ಬೇಗ ತಂದರೆ ವಿಟಮಿನ್ ಕೆ ಕೊಟ್ಟು ಉಳಿಸಬಹುದು. ಸೌದೆ ರಾಶಿಯ ಬೆಕ್ಕನ್ನು ಯಾರು ತರುತ್ತಾರೆ? ಹಾಗಾಗಿ ಭತ್ತದ ಕೋಣೆಯಲ್ಲಿ ಇಲಿಪಾಷಾಣದ ಬದಲು ಬಡಿಯುವ ಬೋನು ಇಡಿ, ಭತ್ತವನ್ನು ಮುಚ್ಚಳವಿರುವ ತಗಡಿನ ಡ್ರಮ್ಮಿಗೆ ಹಾಕಿ. ಗದ್ದೆಯಲ್ಲಿ ಅಡ್ಡಪಟ್ಟಿ ಹೊಡೆದ ಕಂಬ ನೆಟ್ಟರೆ ರಾತ್ರಿ ಗೂಬೆ ಕೂರುತ್ತದೆ. ಬದುಗಳನ್ನು ಕಿರಿದಾಗಿ ಕಡಿದಿಟ್ಟರೆ ಬಿಲಕ್ಕೆ ಜಾಗ ಕಡಿಮೆ.

ಬೋನು ಇಡಿಸಿ ಬೇರೆಡೆ ಬಿಡುವ ದಾರಿ ಮೇಲ್ನೋಟಕ್ಕೆ ದಯೆಯಂತೆ ಕಾಣುತ್ತದೆ. ನನಗೆ ಅದರಲ್ಲಿ ನಂಬಿಕೆಯಿಲ್ಲ. ಬೋನಿನ ಸರಳು ಕಚ್ಚಿ ಕೋರೆಹಲ್ಲು ಮುರಿದುಕೊಂಡ ಬೆಕ್ಕು ಮತ್ತೆ ಸರಿಯಾಗಿ ಬೇಟೆಯಾಡಲಾರದು. ಒಯ್ದು ಬಿಟ್ಟ ಜಾಗದಲ್ಲಿ ಇನ್ನೊಂದು ಬೆಕ್ಕಿನ ಆಳ್ವಿಕೆ ಇರುತ್ತದೆ. ಇಲ್ಲಿ ಖಾಲಿಯಾದ ತೋಟಕ್ಕೆ ಮತ್ತೊಂದು ಬರುತ್ತದೆ, ಇಲಿಯೂ ಕೋಳಿಯೂ ಹಾಗೆಯೇ ಇರುತ್ತವಲ್ಲ. ನಿಮ್ಮ ವಿಷಯದಲ್ಲಂತೂ ತಾಯಿಯನ್ನು ಒಯ್ದರೆ ಸೌದೆಯ ಅಡಿಯಲ್ಲಿ ಎರಡು ಮರಿಗಳು ಹಸಿವಿನಿಂದ ಸಾಯುತ್ತವೆ.

ರಾತ್ರಿಯಿಡೀ ದೀಪ, ರೇಡಿಯೊ, ನುಸಿಗುಳಿಗೆ, ಮೆಣಸಿನಪುಡಿ ಎಂದು ಕೆಲವರು ಹೇಳುತ್ತಾರೆ. ನಾಲ್ಕಾರು ದಿನ ಕೆಲಸ ಮಾಡಬಹುದು, ಅಷ್ಟೇ. ದೀಪಕ್ಕೆ ಹುಳು, ಹುಳಕ್ಕೆ ಕಪ್ಪೆ ಸೇರಿ ಬೆಕ್ಕಿಗೆ ಇನ್ನೊಂದು ಕಾರಣ ಸಿಕ್ಕಂತಾಗುತ್ತದೆ.

ಹಣ ಖರ್ಚು ಮಾಡುವುದಾದರೆ ಗೂಡಿಗೆ ಮಾಡಿ. ತೆಳು ಜಾಲರಿಯನ್ನು ಕಿತ್ತು ಅರ್ಧ ಇಂಚು ಕಣ್ಣಿನ ವೆಲ್ಡ್ ಜಾಲರಿ ಹೊಡೆಸಿ, ತಲೆ ಎಳೆಯುವ ಕಥೆ ಅಲ್ಲಿಗೆ ಮುಗಿಯುತ್ತದೆ. ಇಡೀ ಗೂಡಿಗೆ ಸಾಧ್ಯವಾಗದಿದ್ದರೆ ಕೋಳಿ ಕೂರುವ ಎತ್ತರದವರೆಗಾದರೂ ಹಲಗೆ ಬಡಿಯಿರಿ. ನೆಲದ ಗೂಡಾದರೆ ಜಾಲರಿಯ ಅಂಚನ್ನು ಹೊರಮುಖವಾಗಿ ಒಂದಡಿ ಹಾಸಿ ಮಣ್ಣು ಮುಚ್ಚಿ, ಆಗ ತೋಡುವ ಪ್ರಾಣಿ ಬುಡದಲ್ಲೇ ಸೋಲುತ್ತದೆ. ತಗಡಿನ ಮಾಡಿಗೂ ಗೋಡೆಗೂ ನಡುವಿನ ಸಂದಿಯನ್ನು ಜನ ಮರೆಯುತ್ತಾರೆ. ನಿಮ್ಮ ಮುಷ್ಟಿ ಹೋಗುವ ಸಂದಿಯಿದ್ದರೆ ಮುಚ್ಚಲೇಬೇಕು. ಗೂಡಿನ ಮೇಲೆ ಬಾಗಿದ ಕೊಂಬೆಯನ್ನು ಕಡಿಸಿ. ಬಾಗಿಲಿಗೆ ಹಗ್ಗ ಸುತ್ತುವುದು ಬೇಡ, ತಿರುಗಿಸುವ ಚಿಲಕ ಹಾಕಿ.

ಇದಕ್ಕಿಂತ ಕಷ್ಟದ ಕೆಲಸ ಕೋಳಿಗಳನ್ನು ಒಳಗೆ ಬರಿಸುವುದು. ಮರದ ಮೇಲೆ ಮಲಗಿ ಅಭ್ಯಾಸವಾದ ನಾಟಿ ಕೋಳಿಗೆ ಶಿಸ್ತು ಕಲಿಸುವುದು ಹುಡುಗಾಟವಲ್ಲ. ಸಂಜೆಯ ಕಾಳನ್ನು ಅಂಗಳದಲ್ಲಿ ಎರಚುವುದನ್ನು ನಿಲ್ಲಿಸಿ, ಸೂರ್ಯ ಮುಳುಗುವ ಮುನ್ನ ಗೂಡಿನೊಳಗೇ ಹಾಕಿ. ಹಟಮಾರಿಗಳನ್ನು ಕೆಲವು ದಿನ ಹಗಲೂ ಒಳಗೇ ಕೂಡಿಹಾಕಬೇಕಾಗುತ್ತದೆ. ಬೆಳಿಗ್ಗೆ ಚೆನ್ನಾಗಿ ಬೆಳಕು ಹರಿದ ಮೇಲೆ ಬಿಡಿ. ಕಾವಿಗೆ ಕೂರುವ ಹೇಂಟೆಗೆ ಕೊಟ್ಟಿಗೆಯ ಮೂಲೆಯಲ್ಲಿ ಬಾಗಿಲಿರುವ ಬೇರೆ ಪೆಟ್ಟಿಗೆ ಮಾಡಿ. ಹಗಲಿನಲ್ಲಿ ಮರಿಗಳಿಗೆ ಬುಟ್ಟಿ ಕವುಚಿದರೆ ಮೇಲೊಂದು ಭಾರದ ಕಲ್ಲು ಇರಲಿ. ಇಷ್ಟು ಮಾಡಿದರೂ ವರ್ಷಕ್ಕೆ ಒಂದೆರಡು ಕೋಳಿ ಹೋಗುತ್ತದೆ. ಬಿಟ್ಟು ಮೇಯಿಸುವ ಕೋಳಿಯಲ್ಲಿ ನಷ್ಟವೇ ಇಲ್ಲದಂತೆ ಮಾಡಿಕೊಡುತ್ತೇನೆ ಎನ್ನುವವರನ್ನು ನಂಬಬೇಡಿ.

ಮರಿಗಳನ್ನು ಈಗ ಇರುವಲ್ಲಿಯೇ ಬಿಡಿ. ಮನುಷ್ಯನ ವಾಸನೆ ತಗುಲಿದರೆ ತಾಯಿ ಮರಿಯನ್ನು ಬಿಟ್ಟುಬಿಡುತ್ತದೆ ಎಂಬುದು ಸುಳ್ಳು, ಆದರೆ ದಿನವೂ ಹೋಗಿ ಇಣುಕಿದರೆ ಅದು ಹೆದರಿ ಸ್ಥಳ ಬದಲಿಸುತ್ತದೆ. ತಾಯಿ ಬೇಟೆಗೆ ಹೋದಾಗ ಮರಿಗಳು ಗಂಟೆಗಟ್ಟಲೆ ಒಂಟಿಯಾಗಿರುತ್ತವೆ, ಅನಾಥವೆಂದು ಎತ್ತಿಕೊಂಡು ಬರಬೇಡಿ. ಹಸುವಿನ ಹಾಲು ಕೊಡಲೇಬೇಡಿ, ಭೇದಿಯಾಗಿ ಸಾಯುತ್ತವೆ. ಆ ಕಡೆಯ ಸೌದೆ ತೆಗೆಯುವುದನ್ನೂ ಕಳೆ ಯಂತ್ರ ಓಡಿಸುವುದನ್ನೂ ಕೆಲವು ವಾರ ಮುಂದೂಡಿ, ನಾಯಿಯನ್ನು ರಾತ್ರಿ ಕೋಳಿಗೂಡಿನ ಹತ್ತಿರ ಕಟ್ಟಿ. ಪಂಪ್ ಕೆಟ್ಟು ಸೌದೆ ಸರಿಸಲೇಬೇಕಾದರೆ, ಅರಣ್ಯ ಇಲಾಖೆಯ ವಲಯ ಕಚೇರಿಗೆ ತಿಳಿಸಿ. ಅವರ ಸಿಬ್ಬಂದಿ ಮರಿಗಳನ್ನು ಪೆಟ್ಟಿಗೆಯಲ್ಲಿಟ್ಟು ಸಂಜೆ ಅದೇ ಜಾಗದಲ್ಲಿ ಬಿಟ್ಟು, ದೂರದಿಂದ ಕಾಯಬಹುದು. ಮಹಾರಾಷ್ಟ್ರದ ಜುನ್ನಾರ್ ಭಾಗದಲ್ಲಿ ಕಬ್ಬು ಕಡಿಯುವಾಗ ಸಿಕ್ಕ ಸಣ್ಣ ಬೆಕ್ಕುಗಳ ಮರಿಗಳನ್ನು ಹೀಗೆಯೇ ತಾಯಿಗೆ ಸೇರಿಸಿದ್ದಾರೆ, ಕತ್ತಲಾದ ಮೇಲೆ ತಾಯಿ ಬಂದು ಒಂದೊಂದಾಗಿ ಕಚ್ಚಿಕೊಂಡು ಹೋಗುತ್ತದೆ. ಮರಿ ತಣ್ಣಗಾಗಿದ್ದರೆ, ಇರುವೆ ಮುತ್ತಿದ್ದರೆ ಮಾತ್ರ ತಡಮಾಡದೆ ಅವರನ್ನು ಕರೆಯಿರಿ.

ಸಾಕು ಬೆಕ್ಕಿನ ಬಗ್ಗೆ ನಿಮ್ಮ ಭಯ ತಿರುಗುಮುರುಗಾಗಿದೆ. ರೋಗ ಹೆಚ್ಚಾಗಿ ಮನೆಬೆಕ್ಕಿನಿಂದ ಕಾಡಿನ ಬೆಕ್ಕಿಗೆ ಹೋಗುತ್ತದೆ. ಬೆಕ್ಕಿನ ವಾಂತಿಭೇದಿ ಕಾಯಿಲೆಯ ವೈರಾಣು ಮಣ್ಣಿನಲ್ಲಿ, ಪಾತ್ರೆಯಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ನಿಮ್ಮ ಬೆಕ್ಕಿಗೆ ಅದರ ಲಸಿಕೆಯನ್ನೂ ಹುಚ್ಚುರೋಗದ ಲಸಿಕೆಯನ್ನೂ ಹಾಕಿಸಿ, ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ, ರಾತ್ರಿ ಮನೆಯೊಳಗೇ ಮಲಗಿಸಿ.

ಗೂಡು ಸರಿಮಾಡಿದ ಮೇಲೂ ಕೋಳಿ ಹೋಗುತ್ತಿದ್ದರೆ ಒಲೆಯ ಬೂದಿಯನ್ನು ಜರಡಿ ಹಿಡಿದು ಗೂಡಿನ ಸುತ್ತ ತೆಳುವಾಗಿ ಹರಡಿ. ಬೆಳಿಗ್ಗೆ ಯಾರೂ ತುಳಿಯುವ ಮೊದಲು, ಹೆಜ್ಜೆಯ ಪಕ್ಕದಲ್ಲಿ 10 ರೂಪಾಯಿ ನಾಣ್ಯ ಇಟ್ಟು ನೇರ ಮೇಲಿನಿಂದ ಫೋಟೊ ತೆಗೆಯಿರಿ. ನಾಲ್ಕು ಬೆರಳು, ಉಗುರಿನ ಗುರುತಿಲ್ಲ, ಅಗಲ ನಾಣ್ಯಕ್ಕಿಂತ ಚೂರು ಹೆಚ್ಚು ಎಂದರೆ ಬೆಕ್ಕು. ಅದು ಚಿರತೆ ಬೆಕ್ಕೋ ನಿಮ್ಮ ಮನೆಯದ್ದೋ ಎಂದು ಹೆಜ್ಜೆಯಿಂದ ಹೇಳುವುದು ಕಷ್ಟ, ಹಾಗಾಗಿ ಆ ರಾತ್ರಿ ನಿಮ್ಮದು ಒಳಗೇ ಇರಲಿ. ಐದು ಬೆರಳು ಮೂಡಿದ್ದರೆ ಪುನುಗು ಅಥವಾ ಮುಂಗುಸಿ, ನಾಲ್ಕು ಬೆರಳಿನ ಮುಂದೆ ಉಗುರು ಊರಿದ್ದರೆ ನಾಯಿ ಅಥವಾ ನರಿ. ಫೋಟೊದ ಜೊತೆಗೆ ಗೂಡಿನ ಚಿತ್ರವನ್ನೂ ಕಳುಹಿಸಿ, ಯಾವ ಸಂದಿಯಿಂದ ನುಗ್ಗುತ್ತಿದೆ ಎಂದು ನೋಡಿ ಹೇಳುತ್ತೇನೆ.